ಪ್ಯಾನಲ್ ಬಾಗಿಲು ತೆರೆಯುವ ಮುನ್ನ

ಹೈಟೆನ್ಷನ್ ಸ್ವಿಚ್‌ಗೇರ್ ಪ್ಯಾನಲ್‌ಗಳಿಗೆ ಒಂದು ವಿಚಿತ್ರ ಪರೀಕ್ಷೆ ಇದೆ. ಒಳಗಿನ ಮೂರೂ ಬಸ್‌ಬಾರ್‌ಗಳನ್ನು, ಅಂದರೆ ಕರೆಂಟು ಸಾಗಿಸುವ ಲೋಹದ ಪಟ್ಟಿಗಳನ್ನು, ಕೂಡಿಸುವಂತೆ ಅರ್ಧ ಮಿಲಿಮೀಟರ್ ದಪ್ಪದ ಲೋಹದ ತಂತಿ ಕಟ್ಟಿ, ಬಾಗಿಲು ಹಾಕಿ ಬೋಲ್ಟ್ ಬಿಗಿಯುತ್ತಾರೆ. ಪ್ಯಾನಲ್‌ನ ಸುತ್ತ 300 ಮಿಲಿಮೀಟರ್ ದೂರದಲ್ಲಿ ಕಪ್ಪು ಹತ್ತಿಬಟ್ಟೆಯ ಚೌಕಗಳನ್ನು ಚೌಕಟ್ಟುಗಳಿಗೆ ಸಿಗಿಸಿ ಆಳೆತ್ತರಕ್ಕೆ ನಿಲ್ಲಿಸುತ್ತಾರೆ. ಎಲ್ಲರೂ ಹೊರಗೆ ಹೋದ ಮೇಲೆ ಕಂಟ್ರೋಲ್ ರೂಮಿನಿಂದ ಸಾವಿರಾರು ಆಂಪಿಯರ್ ಕರೆಂಟ್ ಬಿಡುತ್ತಾರೆ. ತಂತಿ ಆ ಕ್ಷಣವೇ ಆವಿಯಾಗುತ್ತದೆ. ಅದಿದ್ದ ಜಾಗದಲ್ಲಿ ಬೆಂಕಿಯ ಕಮಾನೊಂದು ಎದ್ದು ಒಂದು ಸೆಕೆಂಡಿನವರೆಗೂ ಉರಿಯುತ್ತದೆ. ಸದ್ದಡಗಿದ ಮೇಲೆ ಒಳಗೆ ಬರುವ ಎಂಜಿನಿಯರುಗಳು ಮೊದಲು ನೋಡುವುದು ಬಟ್ಟೆಯನ್ನು.

ಒಂದು ಚೌಕಕ್ಕೂ ಬೆಂಕಿ ಹತ್ತಿರಬಾರದು. ಬಾಗಿಲು ಕಿತ್ತು ಬಂದಿರಬಾರದು. 60 ಗ್ರಾಂಗಿಂತ ಭಾರದ ಚೂರು ಸಿಡಿದು ಹೊರಬಿದ್ದಿರಬಾರದು. ಮನುಷ್ಯ ನಿಲ್ಲಬಹುದಾದ ಬದಿಗಳಲ್ಲಿ ತೂತು ಬಿದ್ದಿರಬಾರದು. ಚದರ ಮೀಟರಿಗೆ ಸುಮಾರು 150 ಗ್ರಾಂ ತೂಗುವ ಆ ಕಪ್ಪು ಬಟ್ಟೆ ಅಲ್ಲಿ ನಿಂತಿರುವುದು ಕೆಲಸಗಾರನ ಬದಲಿಗೆ. ಬೆಂಗಳೂರಿನ ಸದಾಶಿವನಗರದಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಎಲ್ಲರೂ ಕರೆಯುವ ಹಾಗೆ ಸಿಪಿಆರ್‌ಐ, ಸ್ವಿಚ್‌ಗೇರುಗಳನ್ನೂ ಟ್ರಾನ್ಸ್‌ಫಾರ್ಮರುಗಳನ್ನೂ ಬೇಕೆಂದೇ ಶಾರ್ಟ್ ಮಾಡಿ ಅವುಗಳ ಗಟ್ಟಿತನ ಅಳೆಯುವ ದೇಶದ ಮುಖ್ಯ ಜಾಗಗಳಲ್ಲಿ ಒಂದು. ದಿನವೂ ಅದರ ಮುಂದಿನ ರಸ್ತೆಯಲ್ಲಿ ಓಡಾಡುವ ಬೆಂಗಳೂರಿಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಪರೀಕ್ಷೆ ಪಾಸಾದ ಪ್ಯಾನಲ್‌ಗೆ ಸರ್ಟಿಫಿಕೇಟ್ ಸಿಗುತ್ತದೆ. ಅದರಲ್ಲಿರುವ ಷರತ್ತನ್ನು ಕೊಂಡವರು ಓದುವುದು ಅಪರೂಪ: ಇದೆಲ್ಲ ನಡೆದಿರುವುದು ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ. ಯಾರಾದರೂ ಬಾಗಿಲು ತೆಗೆದು, ಕವರ್ ಬಿಚ್ಚಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತರೆ ಆ ಸರ್ಟಿಫಿಕೇಟು ಅವರ ಪಾಲಿಗೆ ಬರೀ ಕಾಗದ. ಮನುಷ್ಯ ಪ್ಯಾನಲಿಗೆ ಮುಖ ಕೊಟ್ಟು ನಿಲ್ಲುವುದೂ ಬಹುಪಾಲು ಆಗಲೇ.

ಈ ಬೆಂಕಿಗೆ ಆರ್ಕ್ ಫ್ಲ್ಯಾಶ್ ಎಂದು ಹೆಸರು. ನಮ್ಮ ಕಾರ್ಖಾನೆಗಳಲ್ಲಿ ‘ಫ್ಲ್ಯಾಶ್ ಆಯ್ತು’ ಅನ್ನುತ್ತಾರೆ, ಇನ್ನೂ ಜೋರಾಗಿದ್ದರೆ ‘ಪ್ಯಾನಲ್ ಬ್ಲಾಸ್ಟ್ ಆಯ್ತು’. ಪತ್ರಿಕೆಗೆ ಬರುವಷ್ಟರಲ್ಲಿ ಅದು ‘ಶಾರ್ಟ್ ಸರ್ಕ್ಯೂಟ್’ ಆಗಿರುತ್ತದೆ. ಆ ಎರಡು ಪದ ಬರೆದ ಮೇಲೆ ಯಾರೂ ಇನ್ನೇನೂ ಕೇಳುವುದಿಲ್ಲ.

ಸಾಮಾನ್ಯವಾಗಿ ಗಾಳಿ ಕರೆಂಟಿಗೆ ದಾರಿ ಕೊಡುವುದಿಲ್ಲ. ಎರಡು ಬಸ್‌ಬಾರ್‌ಗಳ ನಡುವೆ ಏನೋ ಬಿತ್ತು, ಸಣ್ಣ ಕಿಡಿ ಎದ್ದಿತು ಎಂದುಕೊಳ್ಳಿ. ಕಿಡಿಯ ಶಾಖಕ್ಕೆ ಅಲ್ಲಿನ ಗಾಳಿ ಅಯಾನುಗಳಾಗಿ ಒಡೆದು ತಾನೇ ವಾಹಕವಾಗುತ್ತದೆ. ತಾಮ್ರ ಕರಗಿ, ಕುದಿದು, ಆವಿಯಾಗಿ ಅದೇ ಹಾದಿಗೆ ಸೇರುತ್ತದೆ. ಕಿಡಿ ಎಬ್ಬಿಸಿದ ವಸ್ತು ಸುಟ್ಟು ಹೋಗಿದ್ದರೂ ಕಮಾನು ನಿಲ್ಲುವುದಿಲ್ಲ, ಯಾಕೆಂದರೆ ಈಗ ಅದಕ್ಕೆ ತನ್ನದೇ ದಾರಿ ಇದೆ. ಅದರ ಬುಡದಲ್ಲಿ ಉಷ್ಣತೆ ಸುಮಾರು 19,000 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬಲ್ಲದು ಎನ್ನುತ್ತಾರೆ. ಸೂರ್ಯನ ಮೇಲ್ಮೈಯಲ್ಲಿರುವುದು 5,500 ಡಿಗ್ರಿಯ ಆಸುಪಾಸು. ಗಟ್ಟಿ ತಾಮ್ರ ಆವಿಯಾಗುವಾಗ ಸುಮಾರು 67,000 ಪಟ್ಟು ಹಿಗ್ಗುತ್ತದೆ. ಹಾಗಾಗಿ ಇದು ಬರೀ ಬೆಂಕಿಯಲ್ಲ, ಸ್ಫೋಟವೂ ಹೌದು. ಕಿವಿ ತಮಟೆ ಹರಿಯುವ ಸದ್ದು, ಎದೆಗೆ ಗುದ್ದುವ ಒತ್ತಡ, ಕರಗಿದ ತಾಮ್ರದ ಹನಿಗಳು, ಒಂದೇ ಉಸಿರಿಗೆ ಶ್ವಾಸಕೋಶಕ್ಕೆ ಇಳಿಯುವ ಬಿಸಿ ಹೊಗೆ, ಕಣ್ಣು ಕುಕ್ಕುವ ನೇರಳಾತೀತ ಬೆಳಕು, ಎಲ್ಲವೂ ಒಟ್ಟಿಗೇ.

ಬೀದಿಬದಿಯ ವೆಲ್ಡಿಂಗ್ ಶಾಪಿನಲ್ಲಿ ನಾವು ದಿನವೂ ನೋಡುವುದು ಇದೇ ಕಮಾನಿನ ಸಾಕುಪ್ರಾಣಿ ರೂಪ. ಅಲ್ಲಿ ಸುಮಾರು 25 ವೋಲ್ಟ್, 120 ಆಂಪಿಯರ್. ಗುಣಿಸಿದರೆ 3 ಕಿಲೋವಾಟ್. ಅಷ್ಟನ್ನು ಬರಿಗಣ್ಣಿನಲ್ಲಿ ನೋಡಿದ ಹುಡುಗನೇ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದವನ ಹಾಗೆ ಒದ್ದಾಡುತ್ತಾನೆ. ಕಾರ್ಖಾನೆಯ ಮುಖ್ಯ ಪ್ಯಾನಲ್‌ನಲ್ಲಿ ಹತ್ತಿಕೊಳ್ಳುವ ಕಮಾನಿನ ಲೆಕ್ಕ ಮೆಗಾವಾಟ್‌ಗಳಲ್ಲಿ, ಅಂದರೆ ಅದರ ಸಾವಿರ ಪಟ್ಟಿಗೂ ಮೇಲೆ. ಅದೂ ಮೂರು ಕಡೆ ಕಬ್ಬಿಣದ ತಗಡು ಮುಚ್ಚಿದ ಪೆಟ್ಟಿಗೆಯೊಳಗೆ. ಹೊರಬರಲು ಇರುವುದು ಒಂದೇ ಬಾಯಿ, ಅದರೆದುರು ನಿಂತಿರುವುದು ಎಲೆಕ್ಟ್ರಿಷಿಯನ್.

ಇಲ್ಲಿ ಕರೆಂಟು ಅವನನ್ನು ಮುಟ್ಟಿರುವುದಿಲ್ಲ. ನಮ್ಮ ತಲೆಯಲ್ಲಿ ವಿದ್ಯುತ್ ಅಪಾಯ ಅಂದರೆ ಶಾಕ್. ಮುಟ್ಟಿದರೆ ಹೊಡೆಯುತ್ತದೆ, ಮುಟ್ಟದಿದ್ದರೆ ಬಚಾವು. ಯಾವುದೇ ಸ್ವಿಚ್ ರೂಮಿಗೆ ಹೋಗಿ ಗೋಡೆ ನೋಡಿ. ಶಾಕ್ ಹೊಡೆದವನಿಗೆ ಉಸಿರು ಬರಿಸುವುದು ಹೇಗೆಂದು ಚಿತ್ರಸಮೇತ ವಿವರಿಸುವ ಚಾರ್ಟ್ ತೂಗಾಡುತ್ತಿರುತ್ತದೆ. ಅದನ್ನು ಹಾಕಲೇಬೇಕು ಎಂಬ ನಿಯಮ ಬಹಳ ಹಳೆಯದು. ನೆಲಕ್ಕೆ ರಬ್ಬರ್ ಮ್ಯಾಟ್. ಮೊಳೆಗೆ ಸಿಕ್ಕಿಸಿದ ರಬ್ಬರ್ ಗ್ಲೌಸ್. ಬಾಗಿಲಿಗೆ ತಲೆಬುರುಡೆಯ ಡೇಂಜರ್ ಬೋರ್ಡ್. ಇವೆಲ್ಲ ಬೇಕು, ಆದರೆ ಎಲ್ಲವೂ ಶಾಕ್‌ನಿಂದ ಉಳಿಯಲು ಇರುವಂಥವು. ಆರ್ಕ್ ಎದುರು ರಬ್ಬರ್ ಮ್ಯಾಟ್ ಮೇಲೆ ನಿಂತರೂ ಒಂದೇ, ಬರಿ ನೆಲದ ಮೇಲೆ ನಿಂತರೂ ಒಂದೇ. ನೂರಿಪ್ಪತ್ತು ವರ್ಷಗಳಿಂದ ಕರೆಂಟಿನೊಂದಿಗೆ ಬಾಳುತ್ತಿರುವ ಈ ನಾಡಿನ ಸುರಕ್ಷತೆಯ ಕಲ್ಪನೆ ಅರ್ಧದಲ್ಲೇ ನಿಂತಿದೆ ಅನ್ನಿಸುವುದು ಆ ಗೋಡೆ ನೋಡಿದಾಗ.

ನೂರಿಪ್ಪತ್ತು ವರ್ಷ ಅಂದದ್ದು ಅಂದಾಜಿಗಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಅದೇ 1902ರಲ್ಲಿ ಇಂಗ್ಲೆಂಡಿನಲ್ಲಿ ಹರ್ತಾ ಏರ್ಟನ್ ಎಂಬ ವಿಜ್ಞಾನಿ ವಿದ್ಯುತ್ ಕಮಾನಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಪ್ರಕಟಿಸಿದರು. ಆ ಕಾಲದ ಬೀದಿ ದೀಪಗಳು ಆರ್ಕ್ ದೀಪಗಳು. ಅವು ಬುಸುಗುಟ್ಟುತ್ತಿದ್ದುದು ಯಾಕೆ, ಮಿನುಗುತ್ತಿದ್ದುದು ಯಾಕೆ ಎಂದು ಹುಡುಕುತ್ತ ಹೋದವರು ಅವರು. ಆ ವರ್ಷ ರಾಯಲ್ ಸೊಸೈಟಿಯ ಫೆಲೋ ಸ್ಥಾನಕ್ಕೆ ಅವರ ಹೆಸರು ಹೋದಾಗ, ಮದುವೆಯಾದ ಹೆಂಗಸಿಗೆ ಅದು ಸಲ್ಲದು ಎಂದು ವಾಪಸು ಬಂತು. ನಾಲ್ಕೇ ವರ್ಷಕ್ಕೆ ಅದೇ ಸೊಸೈಟಿ ಅವರಿಗೆ ಹ್ಯೂಸ್ ಪದಕ ಕೊಟ್ಟಿತು. ಕಮಾನಿನ ಸ್ವಭಾವದ ಬಗ್ಗೆ ಅವರು ಅಳೆದು ತೋರಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಸಾಧಾರಣ ತಂತಿಯಲ್ಲಿ ಹೆಚ್ಚು ಕರೆಂಟ್ ಹರಿಸಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಕಮಾನಿನಲ್ಲಿ ಕರೆಂಟ್ ಏರಿದಂತೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ. ಅಂದರೆ ಅದು ತನಗೆ ತಾನೇ ಕಡಿವಾಣ ಹಾಕಿಕೊಳ್ಳುವ ಜಾತಿಯಲ್ಲ. ಹೊರಗಿನಿಂದ ಯಾರೋ ಕರೆಂಟು ಕಿತ್ತರೆ ಮಾತ್ರ ಸಾಯುತ್ತದೆ.

ಇಷ್ಟು ತಿಳಿದಿದ್ದರೂ, ಕಮಾನಿನ ಎದುರಿಗೆ ನಿಂತ ಮನುಷ್ಯನಿಗೆ ಎಷ್ಟು ಸುಡುತ್ತದೆ ಎಂಬ ಲೆಕ್ಕವನ್ನು ಎಂಜಿನಿಯರುಗಳು ಹಾಕಿದ್ದು ಬಹಳ ತಡವಾಗಿ. ರಾಲ್ಫ್ ಲೀ ಎಂಬ ಅಮೆರಿಕದ ಎಂಜಿನಿಯರ್ 1982ರಲ್ಲಿ ಒಂದು ಪ್ರಬಂಧ ಬರೆದು, ಶಾಕ್ ಅಲ್ಲದ ಇನ್ನೊಂದು ವಿದ್ಯುತ್ ಅಪಾಯವಿದೆ, ದೊಡ್ಡ ಕಮಾನು ಹತ್ತು ಅಡಿ ದೂರದಲ್ಲಿ ನಿಂತವರನ್ನೂ ಸುಡಬಲ್ಲದು ಎಂದು ಲೆಕ್ಕ ಸಮೇತ ತೋರಿಸಿದರು. ಅವರಿಗೆ ಬೇಕಿದ್ದ ಒಂದು ಅಂಕಿ ಆಗಲೇ ಸಿದ್ಧವಿತ್ತು. ಆಲಿಸ್ ಸ್ಟೋಲ್ ಮತ್ತು ಮರಿಯಾ ಕಿಯಾಂಟಾ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಚರ್ಮ ಎಷ್ಟು ಶಾಖಕ್ಕೆ, ಎಷ್ಟು ಹೊತ್ತಿಗೆ ಬೊಬ್ಬೆ ಏಳುತ್ತದೆ ಎಂದು ಅಳೆದಿದ್ದರು. ಅವರ ಗುರಿ ವಿಮಾನ ಚಾಲಕರ ಉಡುಪು. ಉಪಯೋಗ ಆದದ್ದು ಎಲೆಕ್ಟ್ರಿಷಿಯನ್‌ಗಳಿಗೆ. ಆ ಅಳತೆಗಳಿಂದ ಬಂದ ಗಡಿ ರೇಖೆ ಚದರ ಸೆಂಟಿಮೀಟರಿಗೆ 1.2 ಕ್ಯಾಲರಿ. ಅಷ್ಟಾದರೆ ಬರಿ ಚರ್ಮಕ್ಕೆ ಎರಡನೇ ದರ್ಜೆಯ ಸುಟ್ಟಗಾಯ ಶುರು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡುವ ಶಾಖ ಒಂದು ಕ್ಯಾಲರಿ. ಕೇಳಲು ಏನೂ ಅಲ್ಲ. ಆದರೆ ಅದು ಸೆಕೆಂಡಿನ ಸಣ್ಣ ಚೂರಿನಲ್ಲಿ ತೆಳು ಚರ್ಮದ ಮೇಲೆ ಬೀಳುತ್ತದೆ, ಒಳಗೆ ಹರಡಿಕೊಳ್ಳಲು ಅದಕ್ಕೆ ಹೊತ್ತೇ ಸಿಗುವುದಿಲ್ಲ.

ಈ ಕ್ಯಾಲರಿಯನ್ನು ಒಂದೊಂದು ಪ್ಯಾನಲಿಗೂ ಲೆಕ್ಕ ಹಾಕುವ ಸೂತ್ರಗಳನ್ನು ಐಇಇಇ ಸಂಸ್ಥೆ 2002ರಲ್ಲಿ 1584 ಎಂಬ ಸಂಖ್ಯೆಯ ಮಾರ್ಗಸೂಚಿಯಾಗಿ ಹೊರತಂದಿತು. 2018ರಲ್ಲಿ ಸಾವಿರಕ್ಕೂ ಮಿಕ್ಕ ಹೊಸ ಪ್ರಯೋಗಗಳ ಮೇಲೆ ತಿದ್ದಿ ಬರೆಯಿತು. ಸೂತ್ರಗಳು ಉದ್ದ. ಅವುಗಳ ತಿರುಳು ಮಾತ್ರ ಸರಳ: ಸುಡುವ ಶಾಖ ಹೊತ್ತಿನ ಜೊತೆ ನೇರವಾಗಿ ಏರುತ್ತದೆ. ಒಂದು ಪ್ಯಾನಲ್‌ನ ಎದುರು 0.1 ಸೆಕೆಂಡಿಗೆ 4 ಕ್ಯಾಲರಿ ಬಂದರೆ ಅರ್ಧ ಸೆಕೆಂಡಿಗೆ 20, ಒಂದು ಸೆಕೆಂಡಿಗೆ 40. ಆ ಹೊತ್ತನ್ನು ತೀರ್ಮಾನಿಸುವುದು ಎದುರಿಗೆ ನಿಂತವನ ಚುರುಕುತನವಲ್ಲ. ಎವೆಯಿಕ್ಕುವುದಕ್ಕೇ 0.1 ಸೆಕೆಂಡಿಗಿಂತ ಹೆಚ್ಚು ಬೇಕು. ತೀರ್ಮಾನಿಸುವುದು ಮೇಲಿನ ಬ್ರೇಕರ್ ಎಷ್ಟು ಬೇಗ ಟ್ರಿಪ್ ಆಗುತ್ತದೆ ಎಂಬುದು. ಅದನ್ನು ತೀರ್ಮಾನಿಸುವುದು ಅದರ ಸೆಟ್ಟಿಂಗು. ಸೆಟ್ಟಿಂಗು ಬರೆದದ್ದು ವರ್ಷಗಳ ಹಿಂದೆ, ಎಲ್ಲೋ ಒಂದು ಮೇಜಿನ ಮೇಲೆ, ಬಹುಶಃ ಈಗ ಕೆಲಸ ಬಿಟ್ಟು ಹೋಗಿರುವ ಒಬ್ಬ ಎಂಜಿನಿಯರ್.

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇರಬಹುದಾದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. 1,000 ಕೆವಿಎ ಟ್ರಾನ್ಸ್‌ಫಾರ್ಮರ್, 433 ವೋಲ್ಟ್, ಇಂಪೆಡೆನ್ಸ್ ಶೇ 5. ಪೂರ್ತಿ ಲೋಡಿನಲ್ಲಿ ಅದು ಕೊಡುವುದು 1,333 ಆಂಪಿಯರ್. ಬಸ್‌ಬಾರ್‌ಗಳನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದು ಶಾರ್ಟ್ ಮಾಡಿದರೆ 26,000 ಆಂಪಿಯರಿಗೂ ಮೇಲೆ ಹರಿದೀತು. ಮುಖ್ಯ ಬ್ರೇಕರ್ 1,600 ಆಂಪಿಯರಿನ ಎಸಿಬಿ, ಅಂದರೆ ಏರ್ ಸರ್ಕ್ಯೂಟ್ ಬ್ರೇಕರ್. ತಕ್ಷಣ ಟ್ರಿಪ್ ಆಗುವ ಮಟ್ಟವನ್ನು ಹತ್ತು ಪಟ್ಟಿಗೆ, ಅಂದರೆ 16,000 ಆಂಪಿಯರಿಗೆ ಇಟ್ಟಿದ್ದಾರೆ. ಅದಕ್ಕಿಂತ ಕಡಿಮೆಯಿದ್ದರೆ 0.4 ಸೆಕೆಂಡ್ ಕಾದು ಟ್ರಿಪ್. ಕಾಗದದ ಮೇಲೆ ಎಲ್ಲ ಸರಿ. 26,000 ಬಂದರೆ ಬ್ರೇಕರ್ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಆದರೆ ಕಮಾನು ಕಬ್ಬಿಣದ ಪಟ್ಟಿಯಲ್ಲ. ಗಾಳಿಯ ಹಾದಿಗೆ ತನ್ನದೇ ತಡೆ ಇದೆ. ಈ ವೋಲ್ಟೇಜಿನಲ್ಲಿ ಕಮಾನಿನ ಕರೆಂಟು ಗಟ್ಟಿ ಶಾರ್ಟಿನ ಸುಮಾರು ಅರ್ಧ, 13,000 ಆಂಪಿಯರಿನ ಆಸುಪಾಸು. ಅದು 16,000ಕ್ಕೆ ಮುಟ್ಟುವುದಿಲ್ಲ. ಬ್ರೇಕರ್ ಇದನ್ನು ಸಣ್ಣ ದೋಷವೆಂದು ತಿಳಿದು ತನಗೆ ಹೇಳಿದಂತೆ 0.4 ಸೆಕೆಂಡ್ ಕಾಯುತ್ತದೆ. ತಕ್ಷಣ ಬಿದ್ದಿದ್ದರೆ 0.05 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಎಂಟು ಪಟ್ಟು ಹೊತ್ತು, ಎಂಟು ಪಟ್ಟು ಶಾಖ. ಕರೆಂಟು ಕಡಿಮೆಯಾದದ್ದರಿಂದಲೇ ಗಾಯ ಆಳವಾಯಿತು. ವಿದ್ಯುತ್ ಸುರಕ್ಷತೆಯಲ್ಲಿ ಇದಕ್ಕಿಂತ ಮನಸ್ಸು ಕದಡುವ ಲೆಕ್ಕ ನನಗೆ ಕಂಡಿಲ್ಲ. ತಕ್ಷಣದ ಮಟ್ಟವನ್ನು 16,000ದಿಂದ 8,000ಕ್ಕೆ ಇಳಿಸಲು ಎಸಿಬಿಯ ಮುಖದ ಮೇಲಿನ ಒಂದು ಸಣ್ಣ ಡಯಲನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಸಾಕು, ಖರ್ಚು ಶೂನ್ಯ.

ಹಾಗಾದರೆ ಎಲ್ಲರೂ ಯಾಕೆ ತಿರುಗಿಸುವುದಿಲ್ಲ? ಎಂಜಿನಿಯರುಗಳ ಪರವಾಗಿ ಒಂದು ನ್ಯಾಯವಾದ ಮಾತಿದೆ. ಕೆಳಗಿನ ಯಾವುದೋ ಒಂದು ಮೋಟಾರಿನ ಫೀಡರಿನಲ್ಲಿ ದೋಷ ಬಂದರೆ ಆ ಫೀಡರ್ ಮಾತ್ರ ಬೀಳಬೇಕು, ಇಡೀ ಕಾರ್ಖಾನೆ ಕತ್ತಲಾಗಬಾರದು. ಅದಕ್ಕಾಗಿ ಮೇಲಿನ ಬ್ರೇಕರಿಗೆ ತಾಳ್ಮೆ ಕಲಿಸುತ್ತಾರೆ. ನ್ಯಾಯವಲ್ಲದ ಕಾರಣವೂ ಇದೆ, ಅದೇ ಹೆಚ್ಚು. ರಾತ್ರಿ ಪಾಳಿಯಲ್ಲಿ ಬ್ರೇಕರ್ ಎರಡು ಸಲ ಬಿದ್ದರೆ ಬೆಳಿಗ್ಗೆ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ಯಾಕೆ ಬಿತ್ತು ಎಂದಲ್ಲ, ಬೀಳದ ಹಾಗೆ ಮಾಡಲು ಏನು ಬೇಕು ಎಂದು. ಡಯಲ್ ಒಂದು ಗೆರೆ ಮೇಲಕ್ಕೆ ಹೋಗುತ್ತದೆ. ಯಾರೂ ಬರೆದಿಡುವುದಿಲ್ಲ. ಐದು ವರ್ಷದಲ್ಲಿ ಅದು ಕೊನೆಯ ಗೆರೆಯಲ್ಲಿ ನಿಂತಿರುತ್ತದೆ.

ಇನ್ನೊಂದು ವಿಷಯ ಹಳಬರಿಗೂ ಕೆಲವೊಮ್ಮೆ ಹೊಳೆಯುವುದಿಲ್ಲ. ಮುಖ್ಯ ಎಸಿಬಿ ಆಫ್ ಮಾಡಿದ ಮೇಲೂ ಅದರ ಮೇಲಿನ ಟರ್ಮಿನಲ್‌ಗಳಲ್ಲಿ ಚಾರ್ಜ್ ಇರುತ್ತದೆ, ಟ್ರಾನ್ಸ್‌ಫಾರ್ಮರಿನಿಂದ ಬರುವ ಕೇಬಲು ಅಲ್ಲಿಗೇ ಬಂದು ಕೂತಿರುತ್ತದೆ. ಅಲ್ಲಿ ಕಮಾನು ಹತ್ತಿದರೆ ಎಸಿಬಿಗೆ ಅದು ಕಾಣುವುದೇ ಇಲ್ಲ. ನಿಲ್ಲಿಸಬೇಕಾದದ್ದು ಎಚ್‌ಟಿ, ಅಂದರೆ ಟ್ರಾನ್ಸ್‌ಫಾರ್ಮರಿನ ಹೈಟೆನ್ಷನ್ ಕಡೆಯ ಫ್ಯೂಸೋ ಬ್ರೇಕರೋ. ಅವಕ್ಕೆ ಟ್ರಾನ್ಸ್‌ಫಾರ್ಮರಿನಾಚೆ ಆಗುತ್ತಿರುವುದು ಮಸುಕಾಗಿ ಮಾತ್ರ ತಿಳಿಯುವುದರಿಂದ ಸೆಕೆಂಡುಗಳೇ ಹಿಡಿಯಬಹುದು. ‘ಮೇನ್ ಆಫ್ ಮಾಡಿದೀನಲ್ಲ’ ಎಂದು ಧೈರ್ಯವಾಗಿ ಇನ್‌ಕಮರ್ ಟರ್ಮಿನಲ್‌ನ ನಟ್ಟು ಬಿಗಿಯಲು ಹೋಗುವವನು ಇಡೀ ರೂಮಿನ ಅತಿ ಕೆಟ್ಟ ಜಾಗಕ್ಕೆ ಮುಖ ಕೊಟ್ಟಿರುತ್ತಾನೆ.

ಕಿಡಿ ಹತ್ತುವ ಕಾರಣಗಳು ನೋಡಿದರೆ ಕ್ಷುಲ್ಲಕ. ಕೈಜಾರಿದ ಸ್ಪ್ಯಾನರ್. ಸಡಿಲವಾಗಿ ಕಾದು ಕಾದು ಕಪ್ಪಾದ ಜಾಯಿಂಟ್. ಸಿಮೆಂಟ್ ಧೂಳಿನ ಮೇಲೆ ಮಳೆಗಾಲದ ತೇವ. ಆಂಪಿಯರ್ ಸಾಕೆಟಿನಲ್ಲಿ ಲೀಡ್ ಬಿಟ್ಟು ವೋಲ್ಟೇಜ್ ನೋಡಲು ಹಚ್ಚಿದ ಅಗ್ಗದ ಮಲ್ಟಿಮೀಟರ್. ಕೇಬಲ್ ತೂರಿದ ತೂತನ್ನು ಮುಚ್ಚದೆ ಬಿಟ್ಟಿದ್ದಕ್ಕೆ ಒಳಗೆ ಬಂದ ಇಲಿ. ನಮ್ಮ ಸೀಮೆಯಲ್ಲಿ ಇವೆಲ್ಲಕ್ಕಿಂತ ನಿಷ್ಠೆಯಿಂದ ಪ್ಯಾನಲ್ ಹೊಕ್ಕುವುದು ಹಲ್ಲಿ. ಬೆಚ್ಚನೆಯ ಜಾಗ, ಹುಳು ಹುಪ್ಪಟೆಯೂ ಸಿಗುತ್ತದೆ. ಎರಡು ಫೇಸಿನ ನಡುವೆ ಅದು ಮೈ ಚಾಚಿದರೆ ಪರೀಕ್ಷೆಯ ತಂತಿ ಮಾಡಿದ ಕೆಲಸವನ್ನೇ ಮಾಡುತ್ತದೆ. ಪರೀಕ್ಷೆ ಪಾಸಾದ ಪ್ಯಾನಲ್‌ನ ಬಾಗಿಲು ಮುಚ್ಚಿದ್ದಾಗ ಹಲ್ಲಿ ಸತ್ತರೆ ಪ್ಯಾನಲ್ ಹಾಳಾಗುತ್ತದೆ, ಅಷ್ಟೇ. ಬಾಗಿಲು ತೆರೆದಿದ್ದಾಗ ಲೆಕ್ಕ ಬೇರೆ.

ತೆರೆಸುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಏನಪ್ಪಾ, ಆ ಜಾಯಿಂಟ್ ಬಿಸಿಯಾಗ್ತಿದೆಯಂತೆ, ಒಂಚೂರು ಟೈಟ್ ಮಾಡ್ಬಿಡು.”

“ಸಾರ್, ಬಸ್‌ಬಾರ್ ಚಾರ್ಜ್ ಇದೆ. ಶಟ್‌ಡೌನ್ ಕೊಡ್ಸಿ.”

“ಶಟ್‌ಡೌನ್ ಅಂದ್ರೆ ಇಡೀ ಶಿಫ್ಟ್ ಹೋಗತ್ತೆ. ಎಷ್ಟ್ ಸಲ ಮಾಡಿದೀಯ, ನಿಂಗೇನ್ ಹೊಸದಾ?”

ಈ ಕೊನೆಯ ಮಾತಿನಲ್ಲಿ ಹೊಗಳಿಕೆ ಇದೆ, ಅದಕ್ಕೇ ಅದು ಅಪಾಯ. ಒಳ್ಳೆಯ ಕೆಲಸಗಾರನ ಹೆಮ್ಮೆಯನ್ನು ಕೆರಳಿಸಿ ಅವನಿಂದ ಇಲ್ಲ ಅನ್ನುವ ಅವಕಾಶವನ್ನು ಕಿತ್ತುಕೊಳ್ಳುವ ಮಾತದು. ಗುತ್ತಿಗೆ ಎಲೆಕ್ಟ್ರಿಷಿಯನ್ ಆದರೆ ಇಲ್ಲ ಅನ್ನುವ ಅವಕಾಶ ಮೊದಲಿನಿಂದಲೂ ಇರುವುದಿಲ್ಲ.

ಮೈಮೇಲಿನ ಬಟ್ಟೆಯ ವಿಷಯ. ಪಾಲಿಯೆಸ್ಟರ್, ನೈಲಾನ್ ಸುಮಾರು 250 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟುತ್ತವೆ. ಆ ಗಾಯ ಬರಿ ಮೈಗೆ ಆದುದಕ್ಕಿಂತ ಕೆಟ್ಟದ್ದು. ದಪ್ಪ ಹತ್ತಿ ಹೊತ್ತಿಕೊಳ್ಳಬಹುದು, ಆದರೆ ಕರಗುವುದಿಲ್ಲ. ನಮ್ಮಲ್ಲಿ ಎಷ್ಟೋ ಕಂಪನಿಗಳು ‘ಯೂನಿಫಾರಂ ಕೊಟ್ಟಿದ್ದೇವೆ’ ಎಂದು ಹೇಳಿಕೊಳ್ಳುವುದು ಟೆರಿಕಾಟ್ ಅನ್ನು. ಆರ್ಕ್‌ಗೆಂದೇ ಮಾಡಿದ ಬಟ್ಟೆ ಇದೆ: ಅರಾಮಿಡ್ ನೂಲಿನದು ಅಥವಾ ಬೆಂಕಿ ಹತ್ತದಂತೆ ಸಂಸ್ಕರಿಸಿದ ಹತ್ತಿಯದು. ಅಮೆರಿಕದ ಎನ್‌ಎಫ್‌ಪಿಎ 70ಇ ನಿಯಮಾವಳಿ ಅದನ್ನು ನಾಲ್ಕು ದರ್ಜೆ ಮಾಡಿ 4, 8, 25, 40 ಕ್ಯಾಲರಿ ಎಂದು ಹಂಚಿದೆ. ಇಲ್ಲಿನ ದೊಡ್ಡ ಕಾರ್ಖಾನೆಗಳೂ ಅದನ್ನೇ ಅನುಸರಿಸುತ್ತವೆ. ಆದರೆ 8 ಕ್ಯಾಲರಿಯ ಬಟ್ಟೆ ಅಂದರೆ ಅಷ್ಟರವರೆಗೆ ಏನೂ ಆಗದು ಎಂದು ಅರ್ಥವಲ್ಲ. ಅಷ್ಟು ಶಾಖ ಬಿದ್ದರೆ ಒಳಗಿನ ಚರ್ಮಕ್ಕೆ ಎರಡನೇ ದರ್ಜೆಯ ಗಾಯ ಆಗುವ ಸಂಭವ ಅರ್ಧಕ್ಕರ್ಧ ಎಂದು ಆ ಸಂಖ್ಯೆ ಹೇಳುತ್ತದೆ. 40 ಕ್ಯಾಲರಿಯ ಸೂಟು, ಮುಖಗವಸಿನ ಟೊಪ್ಪಿಗೆ ಹಾಕಿಕೊಂಡು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಸ್ವಿಚ್ ರೂಮಿನಲ್ಲಿ ಕಾಲು ಗಂಟೆ ನಿಲ್ಲುವುದು ಹೇಗಿರುತ್ತದೆ ಎಂದು ಸೂಟು ಖರೀದಿಗೆ ಸಹಿ ಹಾಕುವವರು ಒಮ್ಮೆ ಹಾಕಿ ನೋಡಬೇಕು. ಬೆವರಿಳಿದು ಗಾಜು ಮಂಜಾಗಿ ಕೈಯಲ್ಲಿದ್ದುದು ಜಾರಿದರೆ, ಉಳಿಸಬೇಕಾದ ಸೂಟೇ ಅಪಘಾತಕ್ಕೆ ಪಾಲುದಾರ. ಸೂಟು ಬೇಡ ಎಂದು ನಾನು ಹೇಳುತ್ತಿಲ್ಲ. ಸೂಟಿನ ಮೇಲೆ ಭಾರ ಹಾಕಿ ಉಳಿದದ್ದನ್ನು ಮರೆಯುವುದು ಅಗ್ಗದ ಧೈರ್ಯ.

ಮನೆಯ ಎಂಸಿಬಿ ಡಬ್ಬಿಯ ಬಗ್ಗೆ ಇಷ್ಟು ಭಯ ಬೇಕಿಲ್ಲ. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿ, ಕಮಾನು ಎದ್ದರೂ ಹೆಚ್ಚು ಹೊತ್ತು ಉಳಿಯುವುದು ಕಷ್ಟ. ಅಲ್ಲಿ ಶಾಕೇ ದೊಡ್ಡ ಶತ್ರು. ನಡುವಿನ ಲೋಕವೊಂದಿದೆ, ಟಿಸಿ ಎಂದು ಕರೆಯುವ ಹೊಲದ ಬದಿಯ ಟ್ರಾನ್ಸ್‌ಫಾರ್ಮರ್. 63 ಕೆವಿಎ ಟ್ರಾನ್ಸ್‌ಫಾರ್ಮರಿನ ಎಲ್‌ಟಿ ಕಡೆ ಶಾರ್ಟ್ ಆದರೆ ಹರಿಯುವುದು 1,870 ಆಂಪಿಯರಿನಷ್ಟು, ಕಾರ್ಖಾನೆಯ ಲೆಕ್ಕದ ಹದಿನಾಲ್ಕನೇ ಒಂದು ಪಾಲು. ಆದರೆ ಕಾರ್ಖಾನೆಯಲ್ಲಿಲ್ಲದ ಬೇರೆ ಸಂಗತಿಗಳು ಇಲ್ಲಿ ಸೇರುತ್ತವೆ. ತ್ರೀ ಫೇಸ್ ಬರುವುದು ಎಷ್ಟೋ ಕಡೆ ರಾತ್ರಿ. ಫ್ಯೂಸ್ ಹೋದರೆ ಲೈನ್‌ಮನ್ ಬರುವವರೆಗೆ ಬೆಳೆ ಕಾಯುವುದಿಲ್ಲ. ಸರಿಯಾದ ಫ್ಯೂಸ್ ವೈರ್ ಬದಲು ದಪ್ಪ ತಂತಿ ಸುತ್ತಿರುತ್ತಾರೆ, ಅಂದರೆ ಕಮಾನನ್ನು ನಿಲ್ಲಿಸಬೇಕಾದದ್ದನ್ನೇ ತೆಗೆದುಹಾಕಿರುತ್ತಾರೆ. ಬ್ಯಾಟರಿ ಬೆಳಕಿನಲ್ಲಿ ಕಟೌಟ್ ಸಿಕ್ಕಿಸುವಾಗ ಮುಖ ಅದಕ್ಕೆ ಒಂದಡಿ ದೂರದಲ್ಲಿರುತ್ತದೆ. ಕೆಳಗೆ ಪಂಪ್‌ಸೆಟ್ಟಿನ ಕೇಬಲು ಸುಟ್ಟು ಶಾರ್ಟ್ ಆಗಿದ್ದರೆ ಸಿಕ್ಕಿಸಿದ ಕ್ಷಣವೇ ಫ್ಲ್ಯಾಶ್, ಕರಗಿದ ಲೋಹ ಕಣ್ಣಿಗೆ. ಇದಕ್ಕೆ ರೈತನನ್ನು ಬೈದರೆ ಸುಲಭವಾಗಿ ಮುಗಿಯುತ್ತದೆ. ಹಗಲಲ್ಲಿ ಕರೆಂಟು ಮತ್ತು ಕರೆದಾಗ ಬರುವಷ್ಟು ಲೈನ್‌ಮನ್‌ಗಳು ಇದ್ದರೆ ಯಾರೂ ಟಿಸಿ ಹತ್ತಿರ ಹೋಗುವುದಿಲ್ಲ.

ಲೈನ್‌ಮನ್‌ಗಳಿಗೆ ಅವರದೇ ಒಂದು ಶಿಸ್ತಿದೆ, ಎಲ್‌ಸಿ ಅನ್ನುತ್ತಾರೆ, ಲೈನ್ ಕ್ಲಿಯರ್. ಸ್ಟೇಷನ್ ಆಪರೇಟರ್ ಲೈನ್ ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ತೆಗೆದುಕೊಂಡವನೇ ಬಂದು ವಾಪಸು ಕೊಡುವವರೆಗೆ ಮತ್ತೆ ಚಾರ್ಜ್ ಮಾಡುವ ಹಾಗಿಲ್ಲ. ಸರಿಯಾಗಿ ಪಾಲಿಸಿದರೆ ಇದಕ್ಕಿಂತ ಒಳ್ಳೆಯ ರಕ್ಷಣೆಯನ್ನು ಯಾವ ದೇಶವೂ ಕಂಡುಹಿಡಿದಿಲ್ಲ. ಸಪ್ಲೈ ಬೇರ್ಪಡಿಸು, ಬೀಗ ಹಾಕಿ ಬೀಗದ ಕೈ ಜೇಬಿನಲ್ಲಿಟ್ಟುಕೋ, ಚಾರ್ಜ್ ಇಲ್ಲವೆಂದು ಟೆಸ್ಟ್ ಮಾಡು, ಅರ್ಥಿಂಗ್ ರಾಡ್ ಹಾಕು, ಆಮೇಲೆ ಕೈ ಹಾಕು. ಟೆಸ್ಟ್ ಮಾಡುವ ಉಪಕರಣವನ್ನೇ ಮೊದಲು ಚಾರ್ಜ್ ಇರುವ ಕಡೆ ಹಚ್ಚಿ ನೋಡಬೇಕು, ಸತ್ತ ಲೈನಿಗೆ ಹಚ್ಚಬೇಕು, ಮತ್ತೆ ಚಾರ್ಜ್ ಇರುವ ಕಡೆ ಹಚ್ಚಬೇಕು. ಸೆಲ್ ಸತ್ತ ಟೆಸ್ಟರ್ ಎಲ್ಲ ಲೈನನ್ನೂ ಸತ್ತಿದೆ ಎಂದೇ ಹೇಳುತ್ತದೆ. ಎಲ್‌ಸಿ ಮುರಿಯುವುದು ಫೋನಿನಲ್ಲಿ. ಯಾವ ಫೀಡರ್ ಎಂದು ಸರಿಯಾಗಿ ಕೇಳಿಸದ ಒಂದು ಕರೆ, ‘ಮುಗೀತಂತೆ’ ಎಂದು ಮೂರನೆಯವನು ಹೇಳಿದ ಒಂದು ಮಾತು ಸಾಕು. ಈಗೀಗ ಮನೆಗಳ ಜನರೇಟರು, ತಾರಸಿಯ ಸೋಲಾರು ಕೆಳಗಿನಿಂದ ಲೈನಿಗೆ ಕರೆಂಟ್ ತಳ್ಳುವ ಸಾಧ್ಯತೆಯೂ ಇರುವುದರಿಂದ ಅರ್ಥಿಂಗ್ ರಾಡಿನ ಬೆಲೆ ಇನ್ನೂ ಹೆಚ್ಚಿದೆ.

ಸೋಲಾರಿನ ಮಾತು ಬಂತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಹಬ್ಬಿದೆ. ಅಲ್ಲಿನ ತಾಂತ್ರಿಕ ಹುಡುಗರು ಎದುರಿಸುವುದು ಬೇರೆ ಬಗೆಯ ಕಮಾನು. ನಮ್ಮ ಮಾಮೂಲು ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏಳುತ್ತದೆ. ಕಮಾನಿಗೆ ಸಾಯಲು ನೂರು ಅವಕಾಶ. ಫಲಕಗಳಿಂದ ಬರುವ ಡಿಸಿಗೆ ಸೊನ್ನೆ ಎಂಬುದೇ ಇಲ್ಲ. ಸಾಲಾಗಿ ಜೋಡಿಸಿದ ಫಲಕಗಳ ವೋಲ್ಟೇಜು 1,000ದಿಂದ 1,500ರವರೆಗೆ ಹೋಗುತ್ತದೆ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಎರಡು ತುದಿಗಳ ನಡುವೆ ಕಮಾನು ಜಗ್ಗಿಕೊಂಡೇ ಉರಿಯುತ್ತದೆ. ಕರೆಂಟಿನ ಪ್ರಮಾಣ ಕಡಿಮೆ, ಹಾಗಾಗಿ ಫ್ಯೂಸಿಗೂ ಅನುಮಾನ ಬರುವುದಿಲ್ಲ. ಬಿಸಿಲಿರುವವರೆಗೆ ಫಲಕವನ್ನು ಆಫ್ ಮಾಡುವ ಸ್ವಿಚ್ ಯಾರ ಬಳಿಯೂ ಇಲ್ಲ. ಇನ್ವರ್ಟರ್ ಕಡೆಯಿಂದ ಲೋಡ್ ಇಳಿಸಿ, ಐಸೊಲೇಟರ್ ತೆಗೆದು, ಆಮೇಲೆ ಕನೆಕ್ಟರ್ ಮುಟ್ಟಬೇಕು.

ತಂತ್ರಜ್ಞಾನ ಸುಮ್ಮನೆ ಕೂತಿಲ್ಲ. ಪ್ಯಾನಲ್ ಒಳಗೆ ಆಪ್ಟಿಕಲ್ ಫೈಬರ್ ಎಳೆದು ಕಮಾನಿನ ಬೆಳಕನ್ನೇ ಕಂಡು ಕೆಲವೇ ಮಿಲಿಸೆಕೆಂಡಿನಲ್ಲಿ ಟ್ರಿಪ್ ಆಜ್ಞೆ ಕೊಡುವ ರಿಲೇಗಳಿವೆ. ಬ್ರೇಕರಿನ ಹೊತ್ತೂ ಸೇರಿ 0.1 ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ. ರೂಮಿನಾಚೆ ನಿಂತು ಮೋಟಾರಿನಿಂದ ಬ್ರೇಕರನ್ನು ಒಳಗೆ ಹೊರಗೆ ಸರಿಸುವ ಸಾಧನಗಳಿವೆ. ಬಾಗಿಲು ತೆರೆಯದೆ ಜಾಯಿಂಟಿನ ಬಿಸಿ ನೋಡಲು ಇನ್ಫ್ರಾರೆಡ್ ಕಿಟಕಿಗಳಿವೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಒಂದು ಸಾಧಾರಣ ಸ್ವಿಚ್ಚು, ಮೇಂಟೆನೆನ್ಸ್ ಮೋಡ್. ಪ್ಯಾನಲ್ ಹತ್ತಿರ ಯಾರಾದರೂ ಕೆಲಸ ಮಾಡುವಾಗ ಅದನ್ನು ತಿರುಗಿಸಿದರೆ ಮೇಲಿನ ಬ್ರೇಕರ್ ತನ್ನ ತಾಳ್ಮೆಯನ್ನೆಲ್ಲ ಬಿಟ್ಟು ಸಣ್ಣ ಅನುಮಾನಕ್ಕೂ ತಕ್ಷಣ ಬೀಳುತ್ತದೆ. ಕೆಲಸ ಮುಗಿದ ಮೇಲೆ ಮೊದಲಿನಂತೆ. ಉತ್ಪಾದನೆ ಮತ್ತು ಪ್ರಾಣದ ಜಗಳವನ್ನು ಅದು ಇಬ್ಬರಿಗೂ ಹೊತ್ತು ಹಂಚಿ ಬಗೆಹರಿಸುತ್ತದೆ.

ಆದರೂ ಆಗಿಹೋದರೆ: ಮೊದಲು ಸಪ್ಲೈ ಆಫ್, ಆಮೇಲೆ ಆಳಿನ ಹತ್ತಿರ. ಉರಿಯುವ ಬಟ್ಟೆ ಆರಿಸಿ, ಹರಿಯುವ ನಲ್ಲಿ ನೀರಿನಲ್ಲಿ ಇಪ್ಪತ್ತು ನಿಮಿಷ ತಣಿಸಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟ್, ಇಂಕು, ಅರಿಸಿನ ಬೇಡ. ದನಿ ಒರಟಾಗಿದ್ದರೆ, ಮೂಗಿನ ಸುತ್ತ ಮಸಿಯಿದ್ದರೆ ಶ್ವಾಸನಾಳ ಸುಟ್ಟಿರಬಹುದು. ಮಾತಾಡುತ್ತಿದ್ದಾನಲ್ಲ ಎಂದು ಕಾಯದೆ ಸುಟ್ಟಗಾಯದ ವಿಭಾಗವಿರುವ ಆಸ್ಪತ್ರೆಗೆ ಸಾಗಿಸಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ.

ಇದೆಲ್ಲ ಕಾರ್ಖಾನೆಯವರ ತಲೆನೋವು ಎಂದುಕೊಂಡಿರುವ ಓದುಗರಿಗೆ ಒಂದು ಮಾತು. ಬೆಂಗಳೂರು, ಮಂಗಳೂರು, ಮೈಸೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿರುವುದು ಮೇಲೆ ಲೆಕ್ಕ ಹಾಕಿದ ಕಾರ್ಖಾನೆಯದೇ ಜಾತಿಯ ಪ್ಯಾನಲ್, ಎಷ್ಟೋ ಕಡೆ ಅದೇ ಗಾತ್ರದ ಟ್ರಾನ್ಸ್‌ಫಾರ್ಮರ್. ಅದನ್ನು ನೋಡಿಕೊಳ್ಳುವವನು ಕಾಲಿಗೆ ಚಪ್ಪಲಿ ಹಾಕಿಕೊಂಡು ಪ್ಲಂಬಿಂಗನ್ನೂ ನೋಡುವ ಹುಡುಗ. ಅದರ ಜಾಯಿಂಟುಗಳನ್ನು ವರ್ಷಕ್ಕೊಮ್ಮೆ ಬಿಗಿದು, ಧೂಳು ತೆಗೆದು, ರಿಲೇ ಪರೀಕ್ಷಿಸಲು ಟ್ರಾನ್ಸ್‌ಫಾರ್ಮರಿನ ಎಚ್‌ಟಿ ಕಡೆಯಿಂದಲೇ ಆಫ್ ಮಾಡಿಸಬೇಕು, ಜನರೇಟರನ್ನೂ ಬೇರ್ಪಡಿಸಬೇಕು. ಅಂದರೆ ನಾಲ್ಕೈದು ತಾಸು ಲಿಫ್ಟ್ ಇಲ್ಲ, ನೀರಿಲ್ಲ, ವೈಫೈ ಇಲ್ಲ. ಸಂಘದ ಕಾರ್ಯದರ್ಶಿ ಆ ದಿನಾಂಕವನ್ನು ಹದಿನೈದು ದಿನ ಮೊದಲೇ ನೋಟಿಸ್ ಬೋರ್ಡಿಗೂ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿ, ಎಸಿಬಿಯ ಸೆಟ್ಟಿಂಗುಗಳನ್ನು ಒಂದು ಹಾಳೆಯಲ್ಲಿ ಬರೆಸಿ ಪ್ಯಾನಲ್ ಬಾಗಿಲಿಗೆ ಅಂಟಿಸಿದರೆ, ಇಪ್ಪತ್ತು ನಿಮಿಷಕ್ಕೇ ‘ಕರೆಂಟು ಯಾವಾಗ ಬರತ್ತೆ’ ಎಂದು ಕೆಳಗಿನ ಹುಡುಗನಿಗೆ ಹೋಗುವ ಫೋನುಗಳು ಕಡಿಮೆಯಾಗುತ್ತವೆ.